ಎತ್ತಿದ ಚೀಟಿಯ ಲೆಕ್ಕ

ಸುಬ್ರಹ್ಮಣ್ಯ, ಪಂಜ, ಗುತ್ತಿಗಾರು ಕಡೆಯಲ್ಲಿ ಚೀಟಿಗೆ ಸೇರದ ಮನೆ ಕಡಿಮೆ. ಕೆಲವರು ಇದನ್ನೇ ಕುರಿ ಎನ್ನುತ್ತಾರೆ. ಹರಾಜಿನ ಚೀಟಿ ಬೇರೆ; ನಾನು ಹೇಳುತ್ತಿರುವುದು ಹೆಸರು ಎತ್ತುವ ಚೀಟಿ. ಇಪ್ಪತ್ತು ಜನ ತಿಂಗಳಿಗೆ ಇಷ್ಟು ಅಂತ ಹಾಕುತ್ತಾರೆ, ಇಪ್ಪತ್ತು ಹೆಸರನ್ನು ಬರೆದು ಮಡಚಿ ಡಬ್ಬಿಗೆ ಹಾಕುತ್ತಾರೆ, ಯಾವುದಾದರೂ ಸಣ್ಣ ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುತ್ತಾರೆ. ಹೆಸರು ಬಂದವರಿಗೆ ಆ ತಿಂಗಳ ಹಣ. ಅವರು ಕೊನೆಯ ತಿಂಗಳವರೆಗೂ ಕಂತು ಕಟ್ಟಬೇಕು, ಆದರೆ ಅವರ ಚೀಟಿ ಮತ್ತೆ ಡಬ್ಬಿಗೆ ಬೀಳುವುದಿಲ್ಲ. ಮುಂದಿನ ತಿಂಗಳು ಹತ್ತೊಂಬತ್ತು, ಅದರ ಮುಂದೆ ಹದಿನೆಂಟು.

ಹೀಗೆ ಒಂದೊಂದಾಗಿ ಎತ್ತುತ್ತಾ ಹೋದರೆ ಇಪ್ಪತ್ತು ತಿಂಗಳ ಸರದಿ ಎಷ್ಟು ಬಗೆಯಲ್ಲಿ ಬರಬಹುದು? ಮೊದಲ ತಿಂಗಳಿಗೆ ಇಪ್ಪತ್ತು ಸಾಧ್ಯತೆ. ಅವುಗಳಲ್ಲಿ ಒಂದೊಂದಕ್ಕೂ ಎರಡನೆಯ ತಿಂಗಳಿನಲ್ಲಿ ಹತ್ತೊಂಬತ್ತು. ಇಪ್ಪತ್ತರಿಂದ ಒಂದರವರೆಗೆ ಎಲ್ಲವನ್ನೂ ಗುಣಿಸಿದರೆ 24 ಸಾವಿರ ಕೋಟಿ ಕೋಟಿಗೂ ಮಿಕ್ಕುತ್ತದೆ. ಬರೀ ಇಪ್ಪತ್ತು ಕಾಗದದ ಚೂರುಗಳಿಂದ ಇಷ್ಟು! ಜಾಲ್ಸೂರಿನಿಂದ ಗಡಿ ದಾಟಿ ಕಾಸರಗೋಡು ಜಿಲ್ಲೆಗೆ ಹೋಗಿ ಕೇರಳ ಲಾಟರಿ ತರುವವರ ಲೆಕ್ಕ ಬೇರೆ ಜಾತಿಯದು. ಟಿಕೆಟಿನ ಆರು ಅಂಕಿಗಳಲ್ಲಿ ಒಂದೇ ಅಂಕಿ ಎಷ್ಟು ಸಲ ಬೇಕಾದರೂ ಬರಬಹುದು. ಪ್ರತಿ ಸ್ಥಾನಕ್ಕೂ ಹತ್ತು ಸಾಧ್ಯತೆ ಎಂದುಕೊಂಡರೆ ಒಟ್ಟು ಹತ್ತು ಲಕ್ಷ ಸಂಖ್ಯೆ. (ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಲ್ಲಿಸಿತು, ನಮ್ಮವರ ಆಸೆ ನಿಲ್ಲಲಿಲ್ಲ.) ಅಲ್ಲಿ ಅಂಕಿ ಮತ್ತೆ ಮತ್ತೆ ಬರುತ್ತದೆ, ಇಲ್ಲಿ ಹೆಸರು ಒಮ್ಮೆ ಬಂದರೆ ಮುಗಿಯಿತು. ಈ ಒಂದು ವ್ಯತ್ಯಾಸದ ಸುತ್ತ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಗಣಿತ ಬೆಳೆದಿದೆ, ಅದರ ಒಂದು ಪಾಲು ಕನ್ನಡ ನೆಲದಲ್ಲೇ.

ಮೊದಲು ಒಂದು ಜಗಳವನ್ನು ಬಗೆಹರಿಸಿಬಿಡೋಣ. ಮೊದಲ ತಿಂಗಳು ಹೆಸರು ಬರುವುದು ಕಷ್ಟ, ಇಪ್ಪತ್ತರಲ್ಲಿ ಒಂದು. ಕೊನೆಕೊನೆಗೆ ಚೀಟಿ ಕಡಿಮೆಯಾದಂತೆ ಸುಲಭ ಎಂದು ವಾದಿಸುವವರಿದ್ದಾರೆ. ಅರ್ಧ ಸರಿ. ಮೂರನೆಯ ತಿಂಗಳಲ್ಲಿ ನಿಮ್ಮ ಹೆಸರು ಬರಬೇಕಾದರೆ ಮೊದಲೆರಡು ತಿಂಗಳು ಅದು ತಪ್ಪಿರಬೇಕು. ಮೊದಲ ತಿಂಗಳು ತಪ್ಪುವುದು 20ರಲ್ಲಿ 19 ಪಾಲು, ಎರಡನೆಯದು 19ರಲ್ಲಿ 18, ಮೂರನೆಯದರಲ್ಲಿ ಸಿಗುವುದು 18ರಲ್ಲಿ 1. ಮೂರನ್ನೂ ಗುಣಿಸಿ: ಹತ್ತೊಂಬತ್ತು ಹತ್ತೊಂಬತ್ತಕ್ಕೆ, ಹದಿನೆಂಟು ಹದಿನೆಂಟಕ್ಕೆ ಹೊಡೆದುಹೋಗಿ ಉಳಿಯುವುದು 20ರಲ್ಲಿ 1. ಯಾವ ತಿಂಗಳಿಗೆ ಲೆಕ್ಕ ಹಾಕಿದರೂ ಅಷ್ಟೇ. ಹಣದ ಮಟ್ಟಿಗೆ ಮಾತ್ರ ಸಮಾನವಲ್ಲ, ಮೊದಲ ತಿಂಗಳು ಎತ್ತಿದವರಿಗೆ ಬಡ್ಡಿಯಿಲ್ಲದ ಸಾಲ ಸಿಕ್ಕ ಹಾಗೆ, ಕೊನೆಯವರು ಬಡ್ಡಿಯಿಲ್ಲದೆ ಉಳಿತಾಯ ಮಾಡಿದ ಹಾಗೆ. ಅದು ಬ್ಯಾಂಕಿನವರ ಲೆಕ್ಕ, ಇಲ್ಲಿ ಬೇಡ.

ಇನ್ನೊಂದು ಪ್ರಶ್ನೆ: ಬಂದ ಕ್ರಮಕ್ಕೆ ಬೆಲೆ ಇದೆಯೇ? ಅದೇ ಇಪ್ಪತ್ತು ಜನರಿಂದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ಮೂವರನ್ನು ಚೀಟಿಯಲ್ಲೇ ಆರಿಸಿದರೆ 20, 19, 18 ಗುಣಿಸಿ 6,840 ಬಗೆ. ಜಾತ್ರೆಯ ಊಟದ ಸಮಿತಿಗೆ ಬರೀ ಮೂವರು ಬೇಕು, ಯಾರು ಮೊದಲು ಬಂದರೂ ಒಂದೇ ಎಂದಾದರೆ ಅದೇ ಮೂವರು ಆರು ಸಲ ಎಣಿಕೆಗೆ ಸಿಕ್ಕಿರುತ್ತಾರೆ. ಆರರಿಂದ ಭಾಗಿಸಿದರೆ 1,140. ಪಠ್ಯಪುಸ್ತಕದಲ್ಲಿ ಮೊದಲನೆಯದು ಕ್ರಮಯೋಜನೆ, ಎರಡನೆಯದು ವಿಕಲ್ಪ.

ಈ ಎರಡನೆಯ ಲೆಕ್ಕಕ್ಕೆ ಎಲ್ಲ ಸಂಖ್ಯೆಗೂ ಸಲ್ಲುವ ನಿಯಮವನ್ನು ಬರೆದಿಟ್ಟವನು ಮಹಾವೀರಾಚಾರ್ಯ. ಕಾಲ ಸುಮಾರು ಕ್ರಿ.ಶ. 850. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದ ಆರಂಭದಲ್ಲಿ ಹೊಗಳಿದ್ದಾನೆ. ಆ ರಾಜನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ‘ಗಣಿತಸಾರಸಂಗ್ರಹ’ ಸಂಸ್ಕೃತದಲ್ಲಿದೆ, ಆದರೆ ಅದನ್ನು ಉಳಿಸಿಕೊಂಡವರು ಕನ್ನಡ ಜೈನರು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದಾಗ ಆಧಾರವಾಗಿ ಬಳಸಿದ ಪ್ರತಿಗಳಲ್ಲಿ ನಮ್ಮದೇ ಜಿಲ್ಲೆಯ ಮೂಡುಬಿದಿರೆಯಿಂದ ಬಂದದ್ದೂ ಒಂದು.

ನಿಯಮವನ್ನು ಹೇಳುವ ರೀತಿ ಕೈಲೆಕ್ಕದವರಿಗೆ ಹೇಳಿ ಮಾಡಿಸಿದ್ದು. ಒಂದರಿಂದ ಶುರುಮಾಡಿ ಒಂದೊಂದೇ ಹೆಚ್ಚಿಸುತ್ತ ಸಂಖ್ಯೆಗಳನ್ನು ಒಂದು ಸಾಲಿನಲ್ಲಿ ನೇರವಾಗಿ, ಇನ್ನೊಂದು ಸಾಲಿನಲ್ಲಿ ತಿರುಗಾಮುರುಗಾ ಬರೆಯಬೇಕು. ಎಷ್ಟು ವಸ್ತು ಆರಿಸಬೇಕೋ ಅಷ್ಟು ಸ್ಥಾನಗಳ ತಿರುಗಾ ಸಂಖ್ಯೆಗಳನ್ನು ಗುಣಿಸಿ, ನೇರ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಬೇಕು. ನಮ್ಮ ಊಟದ ಸಮಿತಿಗೆ ಹಚ್ಚಿ ನೋಡಿ: ಮೇಲೆ 20, 19, 18; ಕೆಳಗೆ 1, 2, 3. ಉತ್ತರ 1,140. ಈಗ ಪಿಯುಸಿ ಮಕ್ಕಳು ಆಶ್ಚರ್ಯ ಚಿಹ್ನೆ ಹಾಕಿ ಬರೆಯುವ ಸೂತ್ರ ಇದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚು ಹೇಳುವುದಿಲ್ಲ.

ಮಹಾವೀರನ ಉದಾಹರಣೆಗಳು ಇನ್ನೂ ಚೆನ್ನ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಬೆರೆಸಿ ಎಷ್ಟು ರುಚಿ ಮಾಡಬಹುದು? ಒಂದೊಂದೇ ಆದರೆ ಆರು, ಎರಡೆರಡಾದರೆ ಹದಿನೈದು, ಮೂರಾದರೆ ಇಪ್ಪತ್ತು, ನಾಲ್ಕಾದರೆ ಮತ್ತೆ ಹದಿನೈದು, ಐದಾದರೆ ಆರು, ಎಲ್ಲ ಸೇರಿದರೆ ಒಂದು. ಒಟ್ಟು 63. ವೈದ್ಯರಿಗೆ ಈ 63 ಅದಕ್ಕೂ ಮೊದಲೇ ಗೊತ್ತಿತ್ತು. ಸುಶ್ರುತ ಸಂಹಿತೆಯಲ್ಲಿ ಅದು ಬರುತ್ತದೆ. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಹದಿನಾರು ಸುಗಂಧದ್ರವ್ಯಗಳಿಂದ ನಾಲ್ಕನ್ನು ಆರಿಸುವ ಬಗೆ 1,820 ಎಂದು ಸರಿಯಾಗಿ ಹೇಳಿದ್ದ. ಮಹಾವೀರ ಇದಕ್ಕೆ ಹಾರವನ್ನು ಸೇರಿಸಿದ: ವಜ್ರ, ಇಂದ್ರನೀಲ, ಮರಕತ, ಹವಳ, ಮುತ್ತು, ಆಮೇಲೆ ಕೇದಗೆ, ಅಶೋಕ, ಸಂಪಿಗೆ, ನೀಲೋತ್ಪಲದ ಹೂಮಾಲೆ. ಜೈನನಾದ ಅವನಿಗೆ ಈ ರೀತಿಯ ಎಣಿಕೆ ಧರ್ಮದಲ್ಲೇ ಸಿಕ್ಕಿತ್ತು ಎನ್ನಬೇಕು. ಇದೆ, ಇಲ್ಲ, ಹೇಳಲಾಗದು ಎಂಬ ಮೂರನ್ನು ಒಂಟಿಯಾಗಿ, ಜೋಡಿಯಾಗಿ, ಒಟ್ಟಾಗಿ ತೆಗೆದುಕೊಂಡರೆ ಮೂರು, ಮೂರು, ಒಂದು. ಅದೇ ಸಪ್ತಭಂಗಿಯ ಏಳು.

ಕ್ರಮಕ್ಕೆ ಬೆಲೆಯಿರುವ ಲೆಕ್ಕಕ್ಕೆ ಭಾಸ್ಕರಾಚಾರ್ಯನ ‘ಲೀಲಾವತಿ’ಗೆ ಬರಬೇಕು. ಕಾಲ 1150. ತನ್ನ ಊರು ಸಹ್ಯಾದ್ರಿಯ ಆಸರೆಯ ವಿಜ್ಜಡವಿಡ ಎಂದು ಅವನೇ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರ ಎಂದು ನಾವು, ಅಲ್ಲ ಖಾನದೇಶದ ಕಡೆಯದು ಎಂದು ಮಹಾರಾಷ್ಟ್ರದವರು. ಆ ಜಗಳ ಹಾಗೇ ಇರಲಿ. ಶಿವನ ಹತ್ತು ಕೈಗಳಿಗೆ ಪಾಶ, ಅಂಕುಶ, ಸರ್ಪ, ಡಮರು ಮೊದಲಾದ ಹತ್ತು ಆಯುಧಗಳನ್ನು ಬದಲಾಯಿಸುತ್ತ ಹೋದರೆ ಎಷ್ಟು ಮೂರ್ತಿಭೇದ ಎಂದು ಕೇಳುತ್ತಾನೆ. ಒಂದು ಕೈಗೆ ಕೊಟ್ಟ ಆಯುಧ ಇನ್ನೊಂದು ಕೈಗೆ ಸಿಗದು. ಹತ್ತರಿಂದ ಇಳಿಯುತ್ತ ಗುಣಿಸಿದರೆ 36,28,800. ಸುಬ್ರಹ್ಮಣ್ಯದ ಕುಮಾರಧಾರೆಯ ದಂಡೆಯಲ್ಲಿ ಕೂತು ಕೇಳಿದ್ದರೆ ಅವನು ಹನ್ನೆರಡು ಕೈಯ ಷಣ್ಮುಖನನ್ನೇ ಹಿಡಿಯುತ್ತಿದ್ದನೋ ಏನೋ. ಆಗ ಉತ್ತರ 47 ಕೋಟಿ 90 ಲಕ್ಷ 1 ಸಾವಿರದ 600.

ಅದೇ ಪ್ರಶ್ನೆಯ ಉಳಿದರ್ಧ ಹರಿಯ ಕುರಿತದ್ದು. ಶಂಖ, ಚಕ್ರ, ಗದೆ, ಪದ್ಮ ಎಂಬ ನಾಲ್ಕು, ನಾಲ್ಕು ಕೈ: 24. ಇದು ಬರೀ ಪುಸ್ತಕದ ಲೆಕ್ಕವಲ್ಲ. ಸಂಧ್ಯಾವಂದನೆಯ ಆಚಮನದಲ್ಲಿ ಕೇಶವನಿಂದ ಶುರುವಾಗಿ ಕೃಷ್ಣನಲ್ಲಿ ಮುಗಿಯುವ ಹೆಸರುಗಳು ಇಪ್ಪತ್ತನಾಲ್ಕೇ. ಶಿಲ್ಪಶಾಸ್ತ್ರದಲ್ಲಿ ಈ ಇಪ್ಪತ್ತನಾಲ್ಕು ಮೂರ್ತಿಗಳನ್ನು ಗುರುತಿಸುವುದು ಯಾವ ಕೈಯಲ್ಲಿ ಯಾವುದಿದೆ ಎಂಬುದರಿಂದ. ಹೊಯ್ಸಳರ ದೇವಸ್ಥಾನಗಳ ಹೊರಗೋಡೆಯಲ್ಲಿ ವಿಷ್ಣುವಿನ ವಿಗ್ರಹಗಳ ಎದುರು ನಿಂತು, ಬಲಗೈ ಕೆಳಗಿನಿಂದ ಮೇಲಕ್ಕೆ, ಅಲ್ಲಿಂದ ಎಡಗೈ ಮೇಲಿನಿಂದ ಕೆಳಕ್ಕೆ ಆಯುಧಗಳನ್ನು ಓದಿಕೊಳ್ಳುತ್ತ ಹೋದರೆ ಇವನು ಕೇಶವ, ಇವನು ಮಾಧವ ಎಂದು ಹೆಸರು ಹಿಡಿಯಬಹುದು. ಸಾಧ್ಯತೆಗಳ ಪಟ್ಟಿಯನ್ನು ಒಂದೂ ಬಿಡದೆ ಕಲ್ಲಿನಲ್ಲಿ ಬರೆಯಲು ಹೊರಟವರು ಬೇರೆಲ್ಲಿದ್ದಾರೋ ಕಾಣೆ.

ಸಂಗೀತದಲ್ಲಿಯೂ ಇದೇ ಬುದ್ಧಿ ಕೆಲಸ ಮಾಡಿದೆ. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನಲ್ಲಿ ‘ಚತುರ್ದಂಡೀ ಪ್ರಕಾಶಿಕೆ’ ಬರೆದ ವೆಂಕಟಮಖಿ ಕನ್ನಡ ಮನೆತನದವನು, ಗೋವಿಂದ ದೀಕ್ಷಿತನ ಮಗ. ಷಡ್ಜಕ್ಕೂ ಮಧ್ಯಮಕ್ಕೂ ನಡುವೆ ನಾಲ್ಕು ಸ್ವರಸ್ಥಾನ. ಅವುಗಳಲ್ಲಿ ಎರಡನ್ನು ಆರಿಸಬೇಕು. ಕೆಳಗಿನದು ರಿಷಭ, ಮೇಲಿನದು ಗಾಂಧಾರ. ರಿಷಭಕ್ಕೆ ಕೊಟ್ಟ ಸ್ಥಾನ ಗಾಂಧಾರಕ್ಕೆ ಉಳಿಯುವುದಿಲ್ಲ. ನಾಲ್ಕರಲ್ಲಿ ಎರಡು: ಆರು ಬಗೆ. ಪಂಚಮದ ಮೇಲೆ ಧೈವತ, ನಿಷಾದಕ್ಕೂ ಆರು. ಮಧ್ಯಮ ಎರಡು. ಆರು, ಎರಡು, ಆರು ಗುಣಿಸಿದರೆ 72 ಮೇಳ. ಒಂದು ಮೇಳದಿಂದ ಷಡ್ಜವನ್ನು ಮುಟ್ಟದೆ ಉಳಿದ ಆರು ಸ್ವರಗಳಲ್ಲಿ ಒಂದನ್ನು ಬಿಟ್ಟರೆ ಆರು ಬಗೆ, ಎರಡನ್ನು ಬಿಟ್ಟರೆ ಹದಿನೈದು, ಯಾವುದನ್ನೂ ಬಿಡದಿದ್ದರೆ ಒಂದು; ಒಟ್ಟು 22. ಆರೋಹಣಕ್ಕೆ 22, ಅವರೋಹಣಕ್ಕೆ 22, ಅಂದರೆ 484. ಎರಡೂ ಸಂಪೂರ್ಣವಾದ ಮೇಳವನ್ನೇ ಕಳೆದರೆ 483. ಎಪ್ಪತ್ತೆರಡರಿಂದ ಗುಣಿಸಿ: 34,776. ಸಂಗೀತ ಪುಸ್ತಕಗಳಲ್ಲಿ ಜನ್ಯರಾಗಗಳಿಗೆ ಹೇಳುವ ಸಂಖ್ಯೆ ಬರುವುದು ಹೀಗೆ. ಹಾಡುವವರು ಬಳಸುವುದು ಅದರಲ್ಲಿ ಒಂದು ಸಣ್ಣ ಪಾಲು. ಲೆಕ್ಕ ಸಾಧ್ಯತೆಯನ್ನು ಹೇಳುತ್ತದೆ, ಕಿವಿ ಆರಿಸುತ್ತದೆ.

ಇಷ್ಟೆಲ್ಲ ಎಣಿಸಿದ ನಮ್ಮವರು ಒಂದು ಹೆಜ್ಜೆ ಮುಂದೆ ಇಡಲಿಲ್ಲ. ಎಷ್ಟು ಬಗೆ ಎಂದು ಕೇಳಿದರು, ಅದು ಬರುವ ಸಂಭವ ಎಷ್ಟು ಎಂದು ಲೆಕ್ಕ ಕಟ್ಟಲಿಲ್ಲ. ಆ ದಾರಿ ತೆರೆದದ್ದು ಯುರೋಪಿನ ಜೂಜಿನ ಮೇಜು. 1654ರಲ್ಲಿ ಪಾಸ್ಕಲ್ ಮತ್ತು ಫೆರ್ಮಾ ಬರೆದುಕೊಂಡ ಪತ್ರಗಳು. ಅಲ್ಲಿಯೂ ಮೊದಲ ಎಡವು ನಮ್ಮ ಡಬ್ಬಿಯಂಥದ್ದೇ. 1657ರಲ್ಲಿ ಹೈಗೆನ್ಸ್ ತನ್ನ ಪುಸ್ತಕದ ಕೊನೆಗೆ ಒಂದು ಪ್ರಶ್ನೆ ಹಾಕಿದ: ನಾಲ್ಕು ಬಿಳಿ, ಎಂಟು ಕಪ್ಪು, ಒಟ್ಟು ಹನ್ನೆರಡು ಹರಳು, ಮೂವರು ಕಣ್ಣುಮುಚ್ಚಿ ಸರದಿಯಂತೆ ಎತ್ತುತ್ತಾರೆ, ಮೊದಲು ಬಿಳಿ ಎತ್ತಿದವನು ಗೆದ್ದ. ಎತ್ತಿದ ಕಪ್ಪು ಹರಳನ್ನು ವಾಪಸ್ ಹಾಕಬೇಕೋ ಬೇಡವೋ ಎಂದು ಹೇಳುವುದನ್ನೇ ಬಿಟ್ಟ. ವಾಪಸ್ ಹಾಕಿದರೆ ಮೊದಲ ಆಟಗಾರ ಗೆಲ್ಲುವುದು 19ರಲ್ಲಿ 9 ಪಾಲು. ಹಾಕದಿದ್ದರೆ 15ರಲ್ಲಿ 7. ಜೇಕಬ್ ಬರ್ನೂಲಿಯ ಪುಸ್ತಕ 1713ರಲ್ಲಿ, ಅವನು ತೀರಿಕೊಂಡ ಮೇಲೆ, ಹೊರಬಂದಾಗ ಅದರಲ್ಲಿ ಈ ಪ್ರಶ್ನೆಗೆ ಮೂರು ಅರ್ಥ, ಮೂರು ಉತ್ತರ ಇದ್ದವು. ಮೂರನೆಯದು ಒಬ್ಬೊಬ್ಬನಿಗೂ ಬೇರೆ ಬೇರೆ ಹನ್ನೆರಡು ಹರಳು ಎಂಬುದು.

ವ್ಯತ್ಯಾಸ ಅಷ್ಟು ಸಣ್ಣದಾದರೆ ತಲೆಕೆಡಿಸಿಕೊಳ್ಳಬೇಕೇ? ಕೆಲವೊಮ್ಮೆ ಬೇಕು, ಕೆಲವೊಮ್ಮೆ ಬೇಡ. ಇದಕ್ಕೆ ಪುತ್ತೂರು, ಸುಳ್ಯದ ಅಡಿಕೆ ಅಂಗಡಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಚಾಲಿ ಅಡಿಕೆಯ ಚೀಲ ಬಂತು. ವ್ಯಾಪಾರಿ ಕೈ ಹಾಕಿ ಕೆಲವನ್ನು ತೆಗೆದು ಅಡಕತ್ತರಿಯಲ್ಲಿ ಹೋಳು ಮಾಡಿ ನೋಡುತ್ತಾನೆ. ಒಳಗೆ ಬಿಳಿಯಾಗಿ ಗಟ್ಟಿಯಾಗಿದ್ದರೆ ಸರಿ. ಕಪ್ಪು ಹಿಡಿದಿದ್ದರೆ ಕೋಕ, ಬೆಲೆ ನೆಲಕ್ಕೆ. ಕತ್ತರಿಸಿದ ಅಡಿಕೆ ಮತ್ತೆ ಚೀಲದ ಲೆಕ್ಕಕ್ಕೆ ಸೇರದು. ನೂರು ಅಡಿಕೆಯ ಸಣ್ಣ ರಾಶಿಯಲ್ಲಿ ಹತ್ತು ಕೋಕ ಇವೆ ಎನ್ನಿ. ಐದನ್ನು ಕತ್ತರಿಸಿದರೆ ಒಂದೂ ಕೋಕ ಸಿಗದೆ ಹೋಗುವ ಸಂಭವ ಶೇ. 58. ಅರ್ಧಕ್ಕಿಂತ ಹೆಚ್ಚು ಸಲ ವ್ಯಾಪಾರಿ ಮಾಲು ಶುದ್ಧ ಎಂದುಕೊಂಡು ಏಮಾರುತ್ತಾನೆ. ಇಪ್ಪತ್ತನ್ನು ಕತ್ತರಿಸಿದರೆ ಏಮಾರುವುದು ಶೇ. 9.5ಕ್ಕೆ ಇಳಿಯುತ್ತದೆ. ಈಗ ಅದೇ ಹತ್ತಕ್ಕೊಂದರ ಪ್ರಮಾಣದಲ್ಲಿ ಕೋಕ ಬೆರೆತ, ಸಾವಿರಾರು ಅಡಿಕೆಯ ದೊಡ್ಡ ಚೀಲ. ಇಪ್ಪತ್ತು ಕತ್ತರಿಸಿದಾಗ ಏಮಾರುವ ಸಂಭವ ಶೇ. 12ರ ಆಸುಪಾಸು, ವಾಪಸ್ ಹಾಕಿ ಎತ್ತಿದರೂ ಇದೇ ಬರುತ್ತಿತ್ತು. ಸಮುದ್ರದಿಂದ ಇಪ್ಪತ್ತು ಚೊಂಬು ತೆಗೆದರೆ ಸಮುದ್ರ ತಗ್ಗುವುದಿಲ್ಲ. ರಾಶಿ ಸಣ್ಣದಾದಾಗ ಮಾತ್ರ ಎತ್ತಿದ್ದು ಉಳಿದದ್ದನ್ನು ಬದಲಿಸುತ್ತದೆ.

ಇದರಲ್ಲಿ ಇನ್ನೊಂದು ಸಂಗತಿ ಅಡಗಿದೆ, ಹೆಚ್ಚಿನವರಿಗೆ ಅದು ಒಗ್ಗುವುದೇ ಇಲ್ಲ. ಚೀಲ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಕತ್ತರಿಸಿದಿರಿ ಎಂಬುದು ಮುಖ್ಯ. ಮತಯಂತ್ರದ ವಾದವೆಲ್ಲ ನಿಂತದ್ದು ಇಲ್ಲಿಯೇ. ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕಕ್ಕೆ ತಾಳೆ ನೋಡುವುದು ಮೊದಲು ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಂದು ಮತಗಟ್ಟೆಯಲ್ಲಿತ್ತು. ಅರ್ಧದಷ್ಟು ಎಣಿಸಿ ಎಂದು ವಿರೋಧ ಪಕ್ಷಗಳು ಕೋರ್ಟಿಗೆ ಹೋದವು. 2019ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಐದಕ್ಕೆ ಏರಿಸಿತು. ಆ ಐದನ್ನು ಆರಿಸುವುದೂ ಚೀಟಿ ಎತ್ತಿಯೇ: ಮತಗಟ್ಟೆಯ ನಂಬರು ಬರೆದ ಬಿಳಿ ಕಾರ್ಡುಗಳನ್ನು ಮಡಚಿ, ಡಬ್ಬಿಗೆ ಹಾಕಿ, ಕುಲುಕಿ, ಅಭ್ಯರ್ಥಿಗಳ ಏಜೆಂಟರ ಎದುರು ಎತ್ತುತ್ತಾರೆ. ಸುಬ್ರಹ್ಮಣ್ಯ, ಕಡಬ ಎಲ್ಲ ಸೇರಿದ ಸುಳ್ಯ ಕ್ಷೇತ್ರದಂಥದ್ದರಲ್ಲಿ ಲೆಕ್ಕದ ಅನುಕೂಲಕ್ಕೆ 200 ಮತಗಟ್ಟೆ ಎಂದುಕೊಂಡರೆ ಐದನ್ನು ಆರಿಸುವ ಬಗೆ 253 ಕೋಟಿಗೂ ಹೆಚ್ಚು. ಅವುಗಳಲ್ಲಿ ಹತ್ತರಲ್ಲಿ ಯಂತ್ರ ಕೆಟ್ಟಿದೆ ಎನ್ನಿ. ಐದು ಚೀಟಿಯಲ್ಲಿ ಆ ಹತ್ತರಲ್ಲೊಂದೂ ಬಾರದೆ ಹೋಗುವ ಸಂಭವ ಶೇ. 77.

ಹಾಗಾದರೆ ಐದು ಸಾಲದೇ? ಇಡೀ ದೇಶಕ್ಕೆ ಒಂದೇ ಪ್ರಶ್ನೆ ಎಂದಾದರೆ ಸಾಕೋ ಸಾಕು. ಭಾರತೀಯ ಸಾಂಖ್ಯಿಕ ಸಂಸ್ಥೆಯವರ ವರದಿ ಸುಮಾರು 10 ಲಕ್ಷ ಯಂತ್ರಗಳಿಗೆ 479 ಸಾಕು ಎಂದಿತ್ತು. ಕ್ಷೇತ್ರಕ್ಕೆ ಐದರಂತೆ ದೇಶದಲ್ಲಿ 20 ಸಾವಿರಕ್ಕೂ ಹೆಚ್ಚು ಆಗುತ್ತದೆ. ಆದರೆ ಮತದಾರ ಕೇಳುವುದು ತನ್ನ ಕ್ಷೇತ್ರದ ಫಲಿತಾಂಶದ ಬಗ್ಗೆ. ನನ್ನ ಮಟ್ಟಿಗೆ ಎರಡೂ ಕಡೆಯವರ ಗುಣಾಕಾರ ಸರಿ. ಯಾವ ಡಬ್ಬಿಯಿಂದ ಎತ್ತುತ್ತಿದ್ದೇವೆ ಎಂಬುದರಲ್ಲಿ ಅವರಿಗೆ ಒಮ್ಮತವಿಲ್ಲ. ಪೂರ್ತಿ ಎಣಿಸಬೇಕೆಂಬ ಬೇಡಿಕೆಯನ್ನು ಕೋರ್ಟ್ 2024ರ ಏಪ್ರಿಲಿನಲ್ಲಿ ತಳ್ಳಿಹಾಕಿತು.

ಈ ಎಲ್ಲ ಲೆಕ್ಕಗಳ ಕೆಳಗೆ ಒಂದು ನಂಬಿಕೆ ಕೂತಿದೆ: ಡಬ್ಬಿಯಲ್ಲಿರುವ ಪ್ರತಿಯೊಂದಕ್ಕೂ ಕೈಗೆ ಸಿಗುವ ಅವಕಾಶ ಸಮ. ಸೂತ್ರ ಎಂದೂ ಮೋಸ ಮಾಡಿದ್ದಿಲ್ಲ, ಈ ನಂಬಿಕೆ ಮಾಡಿದೆ. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಕರೆಯಲು 1969ರ ಡಿಸೆಂಬರ್ 1ರಂದು 366 ಹುಟ್ಟಿದ ದಿನಗಳನ್ನು ಗುಳಿಗೆಗಳೊಳಗೆ ಹಾಕಿ ಎತ್ತಿದರು. ತಿಂಗಳಿನಿಂದ ತಿಂಗಳಿಗೆ ಸುರಿದರು, ಸರಿಯಾಗಿ ಕಲಸಲಿಲ್ಲ. ಎಲ್ಲ ತಿಂಗಳಿಗೂ ಸರಾಸರಿ ಸರದಿ 183ರ ಸುಮಾರಿಗೆ ಬರಬೇಕಿತ್ತು; ಜನವರಿಯದು 201 ಬಂತು, ಡಿಸೆಂಬರಿನದು 121. ಡಿಸೆಂಬರಿನಲ್ಲಿ ಹುಟ್ಟಿದ್ದಕ್ಕೆ ಯುದ್ಧಕ್ಕೆ ಬೇಗ ಕರೆ. ಇಸ್ಪೀಟಿನ ಕಟ್ಟನ್ನು ಎರಡು ಪಾಲು ಮಾಡಿ ಒಂದರೊಳಗೊಂದು ಹಾಯಿಸುವ ಕಲಸಾಟ ಸುಮಾರು ಏಳು ಸಲ ಆಗಬೇಕು ಎಂದು ಬೇಯರ್ ಮತ್ತು ಡಯಾಕೋನಿಸ್ 1992ರಲ್ಲಿ ತೋರಿಸಿದರು. ಮದುವೆಯ ಮುನ್ನಾದಿನ ರಾತ್ರಿ ‘ಇಪ್ಪತ್ತೆಂಟು’ ಎಂಬ ಇಸ್ಪೀಟಾಟಕ್ಕೆ ಕೂತವರು ಎರಡು ಸಲ ಕಲಸಿ ಹಂಚುತ್ತಾರೆ. ಮೂವತ್ತೆರಡು ಎಲೆಯಿಂದ ಎಂಟೆಲೆಯ ಕೈ 1,05,18,300 ಬಗೆ ಬರಬಹುದು ಎಂಬುದು ಆ ಎರಡು ಕಲಸಿಗೆ ಅನ್ವಯಿಸುವುದಿಲ್ಲ.

ಶಬರಿಮಲೆಯ ಮೇಲ್‌ಶಾಂತಿಯ, ಅಂದರೆ ಮುಖ್ಯ ಅರ್ಚಕರ, ಆಯ್ಕೆ ಇದಕ್ಕೆ ಇನ್ನೂ ಹತ್ತಿರದ್ದು. ಮಾಲೆ ಹಾಕಿದವರು ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂದು ಹೋಗುವ ದಿನಗಳಲ್ಲಿ ನಮ್ಮಲ್ಲೂ ಅದರ ಮಾತು ಬರುತ್ತದೆ. ಎರಡು ಕೊಡ. ಒಂದರಲ್ಲಿ ಅರ್ಹರ ಹೆಸರುಗಳು, ಇನ್ನೊಂದರಲ್ಲಿ ಅಷ್ಟೇ ಚೀಟಿ, ಒಂದರಲ್ಲಿ ಮಾತ್ರ ಮೇಲ್‌ಶಾಂತಿ ಎಂಬ ಬರಹ, ಉಳಿದವು ಖಾಲಿ. ಪಂದಳ ಅರಮನೆಯ ಕಡೆಯ ಮಕ್ಕಳು ಎತ್ತುತ್ತಾರೆ. ಹೆಸರಿನ ಜೊತೆಗೆ ಬರಹದ ಚೀಟಿ ಬಂದಾಗ ಮುಗಿಯಿತು. ಹದಿನೈದು ಹೆಸರಿದ್ದರೆ ಎಷ್ಟನೆಯ ಸಲಕ್ಕೆ ಮುಗಿದರೂ ಒಬ್ಬೊಬ್ಬರಿಗೂ ಸರಿಯಾಗಿ 15ರಲ್ಲಿ 1. 2023ರಲ್ಲಿ ಕೇರಳ ಹೈಕೋರ್ಟಿಗೆ ದೂರು ಹೋದದ್ದು ಈ ಗಣಿತದ ಮೇಲಲ್ಲ, ಕೆಲವು ಚೀಟಿಗಳನ್ನು ಸುರುಳಿ ಸುತ್ತುವ ಬದಲು ಮಡಚಿದ್ದರು ಎಂಬುದರ ಮೇಲೆ. ಕೋರ್ಟ್ ದೃಶ್ಯಾವಳಿ ನೋಡಿ ಅರ್ಜಿಯನ್ನು ವಜಾ ಮಾಡಿತು. ದೂರು ನಿಲ್ಲಲಿಲ್ಲ, ಆದರೆ ದೂರುದಾರರು ಕೈಯಿಟ್ಟ ಜಾಗ ಸರಿಯಾಗಿತ್ತು. ಅಡಿಕೆ ಚೀಲದ ಬಾಯಿಗೆ ಒಳ್ಳೆಯ ಮಾಲು ಇಡುವವರನ್ನು ಕಂಡ ವ್ಯಾಪಾರಿ ಚೀಲವನ್ನು ಸುರಿಸಿಯೇ ನೋಡುತ್ತಾನಲ್ಲ, ಅದೇ ವಿವೇಕ.

ಶಾಲೆಯಲ್ಲಿ ಇದನ್ನು ಕಲಿಸುವ ರೀತಿಯ ಬಗ್ಗೆ ಒಂದು ತಕರಾರು. ಕೆಲವು ವರ್ಷ ಹತ್ತನೆಯ ತರಗತಿಯ ರಾಜ್ಯ ಪಠ್ಯದಲ್ಲೇ ಇದ್ದ ಈ ಅಧ್ಯಾಯ ಈಗ ಪಿಯುಸಿಗೆ ಹೋಗಿದೆ. ಅಲ್ಲಿ ಮೊದಲು ಎರಡು ಸೂತ್ರ ಬರುತ್ತವೆ, ಆಮೇಲೆ ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂಬ ಊಹೆ. ಎತ್ತಿದ್ದು ವಾಪಸ್ ಹೋಯಿತೇ, ಕ್ರಮಕ್ಕೆ ಬೆಲೆ ಇದೆಯೇ, ಎಲ್ಲವೂ ಸಮನಾಗಿ ಕಲಸಿದೆಯೇ ಎಂದು ಮೂರು ಪ್ರಶ್ನೆ ಮೊದಲು ಕೇಳಿಸಿದರೆ ಸೂತ್ರ ತಾನಾಗಿ ಬರುತ್ತದೆ. ಗಣಿತದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಪದ್ಮಾವತಮ್ಮನವರು ಕನ್ನಡ ಅನುವಾದದೊಡನೆ ಸಿದ್ಧಪಡಿಸಿದ ‘ಗಣಿತಸಾರಸಂಗ್ರಹ’ವನ್ನು ಹೊಂಬುಜದ ಜೈನ ಮಠ 2000ದಲ್ಲಿ ಪ್ರಕಟಿಸಿದೆ. ಕಾಲೇಜಿನ ಗ್ರಂಥಾಲಯಕ್ಕೆ ಒಂದು ಪ್ರತಿ ತರಿಸಿ, ಆರು ರುಚಿಯ ಲೆಕ್ಕದಿಂದ ಪಾಠ ಶುರುಮಾಡಿ.